ದಾರಿಯ ಋಣ



ಶ್ರಾವಣಮಾಸವು ವ್ರತಗಳ ಮಾಸ; ಕೆಸರಿನ ಮಾಸವೂ ಹೌದು. ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಗಳ ಈ ಸೀಮೆಯಲ್ಲಿ ಮಳೆಯು ಅಪರೂಪದ ಅತಿಥಿ. ಆದರೆ ಬಂದಾಗ ಅದು ದಾರಿಯನ್ನು ನೋಡಿ ಬರುವುದಿಲ್ಲ. ಬೇಸಿಗೆಯಲ್ಲಿ ಗೇಣುದ್ದ ಬಿರುಕು ಬಿಟ್ಟು ನಿಂತಿದ್ದ ಎರೆಭೂಮಿಯು ನೀರು ಕುಡಿದೊಡನೆ ಉಬ್ಬಿ ಅಂಟಾಗುತ್ತದೆ. ಹತ್ತು ಹೆಜ್ಜೆ ನಡೆಯುವುದರೊಳಗೆ ಪ್ರತಿಯೊಂದು ಕಾಲಿಗೂ ಸೇರುಗಟ್ಟಲೆ ಮಣ್ಣು ಮೆತ್ತಿಕೊಳ್ಳುತ್ತದೆ. ಮಸಾರಿಯ ಕಡೆ ಅಷ್ಟು ಅಂಟಿಲ್ಲ, ಆದರೆ ಅಲ್ಲಿ ಹರಿಯುವ ನೀರು ದಾರಿಯನ್ನೇ ಕೊರೆದು ಹಳ್ಳ ಮಾಡುತ್ತದೆ. ದೊಡ್ಡ ಊರುಗಳಿಗೆ ಡಾಂಬರು ರಸ್ತೆಗಳಾಗಿವೆ, ಬಸ್ಸುಗಳು ಓಡಾಡುತ್ತವೆ. ಆದರೆ ರಸ್ತೆಯಿಂದ ಗುಡಿಗೆ, ಊರಿನಿಂದ ಹೊಳೆಗೆ, ಹೊಲದ ಅಂಚಿನ ಹನುಮಪ್ಪನ ಕಟ್ಟೆಗೆ, ಗುಡ್ಡದ ಮೇಲಿನ ದೇವರಿಗೆ ಹೋಗುವ ಕೊನೆಯ ಅರ್ಧ ಹರದಾರಿಯು ಬಹುಕಡೆ ಇಂದಿಗೂ ಕಾಲುದಾರಿಯೇ ಆಗಿದೆ. ಶ್ರಾವಣ ಬಹುಳ ಪ್ರತಿಪತ್ತಿನಿಂದ ಮೂರು ದಿನ ಶ್ರೀರಾಘವೇಂದ್ರಸ್ವಾಮಿಗಳ ಆರಾಧನೆ ನಡೆಯುವಾಗ, ಆ ಕೊನೆಯ ಅರ್ಧ ಹರದಾರಿಯ ಕೆಸರಿಗೆ ಅಂಜಿ ಮನೆಯಲ್ಲಿಯೇ ಕುಳಿತು ಕೈಮುಗಿಯುವ ವೃದ್ಧರೆಷ್ಟು ಮಂದಿ ಎಂಬುದು ಅವರವರ ಮನೆಯವರಿಗೆ ಗೊತ್ತು.

ಇತ್ತೀಚೆಗೆ ಕೆಲವು ಕಡೆ ತರುಣರು ಗುಂಪುಗೂಡಿ, ಯಾರ ಅಪ್ಪಣೆಗೂ ಕೂಲಿಗೂ ಕಾಯದೆ, ಇಂಥ ದಾರಿಗಳನ್ನು ತಾವೇ ಸರಿಪಡಿಸುವ ಪರಿಪಾಠ ಬೆಳೆಯುತ್ತಿದೆ. ಗುಡ್ಡಗಾಡಿನ ಚಾರಣಕ್ಕೆ ಹೋಗುವ ನಗರದ ಹುಡುಗರಲ್ಲಿಯೂ ತಾವು ನಡೆದ ದಾರಿಯನ್ನು ತಾವೇ ಕಾಪಾಡಬೇಕೆಂಬ ಭಾವ ಮೂಡುತ್ತಿದೆ. ಇದನ್ನು ಕಂಡು ನಮ್ಮ ಹಿರಿಯರಲ್ಲಿ ಕೆಲವರು ಸಂತೋಷಪಡುತ್ತಾರೆ. ಕೆಲವರು ಪ್ರಶ್ನೆ ಎತ್ತುತ್ತಾರೆ. ಸ್ನಾನ, ಸಂಧ್ಯಾವಂದನೆ, ದೇವರ ಪೂಜೆ, ಶಾಸ್ತ್ರಶ್ರವಣ ಇವು ನಮ್ಮ ಧರ್ಮ. ಗುದ್ದಲಿ ಹಿಡಿದು ಕೆಸರಿಗಿಳಿಯುವುದು ಲೌಕಿಕ ವ್ಯವಹಾರ. ಅದು ಒಳ್ಳೆಯದಿರಬಹುದು, ಆದರೆ ಅದನ್ನು ಧರ್ಮವೆನ್ನಬಹುದೇ? ಮಡಿಯುಟ್ಟು ಗುಡಿಗೆ ಹೊರಟವನಿಗೂ ಕೆಸರಿಗೂ ಏನು ಸಂಬಂಧ? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕದೆ, ಪೂರ್ವಪಕ್ಷ ಸಿದ್ಧಾಂತಗಳ ಕ್ರಮದಲ್ಲಿ ಯಥಾಮತಿ ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಕೆಸರಿನ ಸ್ವಭಾವವನ್ನು ನೋಡೋಣ. ದಾರಿಯ ನಡುವೆ ಒಂದು ಮಾರು ಅಗಲದ ರಾಡಿ ಉಂಟಾಯಿತೆನ್ನಿ. ಮೊದಲು ಬಂದವನು ಪಂಚೆಯನ್ನೆತ್ತಿ ಪಕ್ಕದ ಹುಲ್ಲಿನ ಮೇಲೆ ಕಾಲಿಟ್ಟು ದಾಟುತ್ತಾನೆ. ಎರಡನೆಯವನು ಅವನ ಹೆಜ್ಜೆಯಲ್ಲಿಯೇ ಹೆಜ್ಜೆ ಇಡುತ್ತಾನೆ. ನೂರು ಜನ ದಾಟುವಷ್ಟರಲ್ಲಿ ಆ ಹುಲ್ಲು ಸತ್ತು ಅಲ್ಲಿಯೂ ರಾಡಿಯಾಗುತ್ತದೆ. ನೂರೊಂದನೆಯವನು ಇನ್ನೂ ಆಚೆಗೆ ಸರಿಯುತ್ತಾನೆ. ಹೀಗೆ ಒಂದು ಮಾರಿನ ಕೆಸರು ಒಂದೇ ಮಳೆಗಾಲದಲ್ಲಿ ನಾಲ್ಕು ಮಾರಿನ ಕೆಸರಾಗಿ, ಕಡೆಗೆ ಪಕ್ಕದ ರೈತನ ಬೆಳೆಯನ್ನೂ ತುಳಿಯುತ್ತದೆ. ದಾರಿಗಳನ್ನು ಕಾಯುವ ಕೆಲಸದಲ್ಲಿ ನುರಿತವರು ಲೋಕದ ಎಲ್ಲ ಕಡೆಯೂ ಕಂಡುಕೊಂಡ ಸತ್ಯವಿದು. ಆದುದರಿಂದಲೇ ಅವರು ಬೆಟ್ಟ ಹತ್ತುವವರಿಗೆ, ಕೆಸರಿದ್ದರೆ ಸುತ್ತಿ ಹೋಗಬೇಡಿ, ನಡುವೆಯೇ ನಡೆದು ಹೋಗಿ ಎಂದು ಬೋಧಿಸುತ್ತಾರೆ.

ಇದರ ತಾತ್ಪರ್ಯವನ್ನು ನಾವು ಗಮನಿಸಬೇಕು. ಕೆಸರನ್ನು ಹೆಚ್ಚಿಸಿದವನು ದುಷ್ಟನಲ್ಲ. ಅವನು ಶುಚಿಯಾಗಿರಬೇಕೆಂದು ಬಯಸಿದವನು. ತನ್ನ ಕಾಲೊಂದು ಸ್ವಚ್ಛವಾಗಿದ್ದರೆ ಸಾಕೆಂದು ಪ್ರತಿಯೊಬ್ಬನೂ ಪಕ್ಕಕ್ಕೆ ಸರಿದುದರಿಂದಲೇ ಎಲ್ಲರಿಗೂ ಸೇರಿದ ದಾರಿಯು ಅಶುಚಿಯಾಯಿತು. ತನ್ನೊಬ್ಬನ ಶುಚಿತ್ವವನ್ನು ಮಾತ್ರ ಕಾಪಾಡಿಕೊಳ್ಳುವ ಪ್ರಯತ್ನವು ಲೋಕದ ಅಶುಚಿತ್ವವನ್ನು ಬೆಳೆಸಬಲ್ಲದು ಎಂಬ ಈ ವಿಪರ್ಯಾಸವು ಮಡಿಯನ್ನು ಪ್ರಾಣದಂತೆ ಕಾಪಾಡಿಕೊಂಡು ಬಂದ ನಮ್ಮಂಥ ಕುಟುಂಬಗಳವರು ವಿಶೇಷವಾಗಿ ಮನನ ಮಾಡತಕ್ಕ ವಿಷಯ. ಮಡಿಯನ್ನು ಬಿಡಬೇಕೆಂದು ಹೇಳುವುದು ನನ್ನ ಅಭಿಪ್ರಾಯವಲ್ಲ. ಮಡಿಗೆ ಅದರ ಸ್ಥಾನವುಂಟು, ಕಾಲವುಂಟು. ಮಣ್ಣು ಮುಟ್ಟಿದವನಿಗೆ ಸ್ನಾನದಿಂದ ಮತ್ತೆ ಮಡಿಯಾಗುವ ದಾರಿಯನ್ನು ಶಾಸ್ತ್ರವೇ ತೋರಿಸಿದೆ. ಆದರೆ ಕೆಸರನ್ನು ತಪ್ಪಿಸಿಕೊಂಡವನು ಶುಚಿ, ಕೆಸರಿಗಿಳಿದು ಅದನ್ನು ಬತ್ತಿಸಿದವನು ಅಶುಚಿ ಎಂದು ತೀರ್ಮಾನಿಸಿದರೆ, ಅದು ಮಡಿಯಲ್ಲ. ಮಡಿಯ ಹೆಸರಿನಲ್ಲಿ ಬಂದ ಆಲಸ್ಯ.

ನಮ್ಮ ಸ್ಮೃತಿಕಾರರು ದಾರಿಯನ್ನು ಲೌಕಿಕವೆಂದು ಕೈಬಿಟ್ಟವರಲ್ಲ. ದಾರಿಯಲ್ಲಿ ಮಲಮೂತ್ರ ವಿಸರ್ಜನೆಯನ್ನು ಅವರು ನಿಷೇಧಿಸಿದರು. ಇದಿರು ಬರುವವನು ವೃದ್ಧನಾಗಿದ್ದರೆ, ರೋಗಿಯಾಗಿದ್ದರೆ, ಹೊರೆ ಹೊತ್ತಿದ್ದರೆ, ಅಥವಾ ಬರುವವಳು ಸ್ತ್ರೀಯಾಗಿದ್ದರೆ, ಅವರಿಗೆ ದಾರಿ ಬಿಡಬೇಕೆಂದು ಮನುಸ್ಮೃತಿಯು ವಿಧಿಸುತ್ತದೆ. ಇಬ್ಬರು ಎದುರಾದಾಗ ದುರ್ಬಲನಿಗೆ ದಾರಿ ಬಿಡುವುದು ಧರ್ಮವಾದರೆ, ದುರ್ಬಲನು ಕಾಲಿಡಲಾರದೆ ನಿಂತ ಕಡೆ ಅವನಿಗೊಂದು ದಾರಿ ಮಾಡಿಕೊಡುವುದು ಅದೇ ಧರ್ಮದ ಮುಂದಿನ ಹೆಜ್ಜೆಯಲ್ಲವೇ? ಯಜ್ಞಾದಿಗಳನ್ನು ಇಷ್ಟವೆಂದೂ, ಬಾವಿ, ಕೆರೆ, ದೇವಾಲಯ, ಉಪವನ, ಅನ್ನದಾನಾದಿಗಳನ್ನು ಪೂರ್ತವೆಂದೂ ಕರೆದು ಎರಡನ್ನೂ ಕೂಡಿಸಿಯೇ ಇಷ್ಟಾಪೂರ್ತವೆಂದರು. ನಮ್ಮ ನಾಡಿನ ಶಾಸನಗಳಲ್ಲಿ ಕೆರೆ ಕಟ್ಟಿಸಿದವರ, ದಾರಿಹೋಕರಿಗೆ ಅರವಟ್ಟಿಗೆ ಇಡಿಸಿದವರ ಹೆಸರುಗಳು ಅರಸರ ಹೆಸರುಗಳೊಡನೆ ನಿಂತಿವೆ.

ಇನ್ನು ನಮ್ಮ ಸಿದ್ಧಾಂತಕ್ಕೆ ಬರೋಣ. ಶ್ರೀಮದಾಚಾರ್ಯರು ಗೀತಾತಾತ್ಪರ್ಯದಲ್ಲಿ ನಾನಾ ಜನರ ಸೇವೆಯನ್ನು ಕರ್ಮವೆಂದು ಕರೆದು, ಅದನ್ನು ಪ್ರಜೆಯು ಅರಸನಿಗೆ ತೆರುವ ಕಂದಾಯಕ್ಕೆ ಹೋಲಿಸಿದ್ದಾರೆ. ಈ ಹೋಲಿಕೆಯು ಬಹಳ ಗಂಭೀರವಾದುದು. ಕಂದಾಯವು ದಾನವಲ್ಲ. ಕಂದಾಯ ಕಟ್ಟಿದವನು ಅರಸನಿಗೆ ಉಪಕಾರ ಮಾಡಿದೆನೆಂದು ಬೀಗುವುದಿಲ್ಲ, ಕಟ್ಟದವನು ಬಾಕಿದಾರನಾಗುತ್ತಾನೆ. ನಾವು ನಡೆಯುವ ಪ್ರತಿಯೊಂದು ದಾರಿಯೂ ನಮಗಿಂತ ಮೊದಲು ನಡೆದವರ ಕಾಲುಗಳಿಂದಾದುದು. ಮುಳ್ಳು ಕಡಿದವರು, ಕಲ್ಲು ಹೊರಳಿಸಿದವರು, ಹೊಲದ ಅಂಚನ್ನು ಬಿಟ್ಟುಕೊಟ್ಟವರು ಯಾರೆಂದು ನಮಗೆ ತಿಳಿಯದು. ಅವರಿಗೆ ನೇರವಾಗಿ ತೀರಿಸಲು ಸಾಧ್ಯವಿಲ್ಲದ ಈ ಋಣವನ್ನು ಹಿಂದಿನಿಂದ ಬರುವವರಿಗೆ ಸಲ್ಲಿಸಬೇಕು. ಆ ಮೂಲಕ ಸರ್ವರ ಅಂತರ್ಯಾಮಿಯಾದ ಸ್ವಾಮಿಗೆ ಸಲ್ಲಿಸಬೇಕು. ಹೀಗೆ ನೋಡಿದಾಗ ದಾರಿ ಸರಿಪಡಿಸುವುದು ಐಚ್ಛಿಕವಾದ ಹೆಚ್ಚುಗಾರಿಕೆಯಲ್ಲ. ಅದು ಬಾಕಿ ಉಳಿದ ಕಂದಾಯ.

ಆಚಾರ್ಯರು ಇದನ್ನು ಬರೆದು ಬಿಟ್ಟವರಲ್ಲ. ಕಳಸದ ಸಮೀಪದಲ್ಲಿ ಭದ್ರಾನದಿಯ ಅಂಬುತೀರ್ಥವನ್ನು ನೋಡಿದ ವಾಚಕರು ಅಲ್ಲಿಯ ಹೆಬ್ಬಂಡೆಯನ್ನು ಬಲ್ಲರು. ಜನರ ಉಪಯೋಗಕ್ಕೆ ಬೇಕಾಗಿದ್ದರೂ ಬಹುಜನ ಸೇರಿ ಅಲುಗಿಸಲಾರದೆ ಬಿಟ್ಟಿದ್ದ ಆ ಬಂಡೆಯನ್ನು ಆಚಾರ್ಯರು ಒಂದೇ ಕೈಯಿಂದ ತಂದು ನೆಲೆಗೊಳಿಸಿದರೆಂಬುದನ್ನು ಅಲ್ಲಿಯ ಶಿಲಾಲೇಖವು ಸಾರುತ್ತದೆ. ನಾವು ಇದನ್ನು ಆಚಾರ್ಯರ ಬಲಕ್ಕೆ ನಿದರ್ಶನವಾಗಿ ಹೇಳುತ್ತೇವೆ, ಅದು ಸರಿಯೇ. ಆದರೆ ಆ ಬಲವು ಯಾವ ಕೆಲಸಕ್ಕೆ ವಿನಿಯೋಗವಾಯಿತೆಂಬುದನ್ನೂ ನೋಡಬೇಡವೇ? ಸರ್ವಜ್ಞರೆಂದು ನಾವು ನಂಬುವ ಯತಿಗಳು ನದಿಗಿಳಿದು, ಕಲ್ಲನ್ನು ಕೈಯಿಂದ ಮುಟ್ಟಿದರು. ಅವರ ಮಕ್ಕಳ ಮಕ್ಕಳಾದ ನಮಗೆ ಒಂದು ಬುಟ್ಟಿ ಗರಸು ಹೊರುವುದು ಗೌರವಕ್ಕೆ ಕುಂದಾಗದು.

ಈಗ ಮೊದಲನೆಯ ಪೂರ್ವಪಕ್ಷ. ದಾರಿ ಮಾಡಿಸುವುದು ಗ್ರಾಮ ಪಂಚಾಯಿತಿಯ ಕರ್ತವ್ಯ. ನಾವು ತೆರಿಗೆ ಕೊಡುತ್ತೇವೆ. ನಾವೇ ಮಾಡಿಕೊಂಡರೆ ಅಧಿಕಾರಿಗಳು ಇನ್ನಷ್ಟು ಸೋಮಾರಿಗಳಾಗುತ್ತಾರೆ ಎಂದು ಕೆಲವರು ಹೇಳುತ್ತಾರೆ. ಇದರಲ್ಲಿ ಸತ್ಯಾಂಶವಿದೆ. ಪಂಚಾಯಿತಿಯನ್ನು ಕೇಳಬೇಕು, ಬರೆದು ಕೇಳಬೇಕು, ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬೇಕು. ಆದರೆ ಕೇಳುವುದಕ್ಕೂ ಮಾಡುವುದಕ್ಕೂ ವಿರೋಧವಿಲ್ಲ. ಬಿಹಾರದ ಗೆಹ್ಲೌರ್ ಗ್ರಾಮದ ದಶರಥ ಮಾಂಝಿ ಎಂಬ ಬಡ ಕೂಲಿಕಾರರು 1960 ರಿಂದ 1982 ರ ವರೆಗೆ ಸುತ್ತಿಗೆ, ಉಳಿಗಳಿಂದ ಗುಡ್ಡವನ್ನು ಒಬ್ಬಂಟಿಗರಾಗಿ ಕಡಿದು ದಾರಿ ಮಾಡಿದರು. ಅವರು ಕಡಿದ ದಾರಿಯನ್ನು ಕಂಡ ಮೇಲೆ, ಇಲ್ಲಿ ದಾರಿ ಅಸಾಧ್ಯವೆಂದು ಯಾವ ಅಧಿಕಾರಿಯೂ ಹೇಳುವಂತಿರಲಿಲ್ಲ. ನಮ್ಮ ರಾಜ್ಯದಲ್ಲಿಯೇ ಸುಳ್ಯದ ಗಿರೀಶ್ ಭಾರದ್ವಾಜರು 1989 ರಲ್ಲಿ ಅರಂಬೂರಿನಲ್ಲಿ ಪಯಸ್ವಿನೀ ನದಿಗೆ ಊರವರ ಸಹಾಯದಿಂದ ತೂಗುಸೇತುವೆಯನ್ನು ಕಟ್ಟಿದರು. ಅಲ್ಲಿಂದ ಮೊದಲಾದ ಕೆಲಸವು ನೂರಕ್ಕೂ ಹೆಚ್ಚು ಕಾಲುಸೇತುವೆಗಳವರೆಗೆ ಬೆಳೆಯಿತು. 2017 ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಮಾಡಿ ತೋರಿಸಿದವನ ಬೇಡಿಕೆಗೆ ಇರುವ ತೂಕವು ಕುಳಿತು ದೂರುವವನ ಬೇಡಿಕೆಗೆ ಇರುವುದಿಲ್ಲ.

ಇದೇ ಪೂರ್ವಪಕ್ಷಕ್ಕೆ ಇನ್ನೊಂದು ಮುಖವುಂಟು. ಇದು ಕೂಲಿಯವರ ಕೆಲಸ. ನಾಲ್ಕು ಆಳುಗಳನ್ನು ಕರೆದು ಮಾಡಿಸಿದರಾಯಿತು, ನಾವು ಮೇಲ್ವಿಚಾರಣೆ ನೋಡಿಕೊಂಡರೆ ಸಾಕು ಎಂಬ ಮಾತು. ಇದಕ್ಕೆ ಶ್ರೀಸುಮಧ್ವವಿಜಯದಲ್ಲಿಯೇ ಉತ್ತರವಿದೆ. ಈಶ್ವರದೇವನೆಂಬ ಅರಸನು ಸಾರ್ವಜನಿಕರಿಗಾಗಿ ತೋಡುವ ಕೆಲಸವನ್ನು ನಡೆಸುತ್ತ, ದಾರಿಯಲ್ಲಿ ಹೋಗುವವರನ್ನೆಲ್ಲ ಹಿಡಿದು ಅಗೆಯಲು ಹಚ್ಚುತ್ತಿದ್ದನು. ಸಂಚಾರದಲ್ಲಿದ್ದ ಆಚಾರ್ಯರಿಗೂ ಹಾಗೆಯೇ ಆಜ್ಞೆಯಾಯಿತು. ಅಗೆಯುವ ಬಗೆ ನಮಗೆ ತಿಳಿಯದು, ನೀನೇ ತೋರಿಸಿಕೊಡು ಎಂದು ಆಚಾರ್ಯರು ಹೇಳಲು, ಗುದ್ದಲಿ ಹಿಡಿದ ಅರಸನು ಅದನ್ನು ಕೆಳಗಿಡಲಾರದೆ ಅಗೆಯುತ್ತಲೇ ಇದ್ದನಂತೆ. ಪ್ರವಚನಗಳಲ್ಲಿ ಈ ಕಥೆ ಬಂದಾಗ ನಾವು ನಕ್ಕು ಸಂತೋಷಪಡುತ್ತೇವೆ. ಆದರೆ ಆಚಾರ್ಯರು ಅಲ್ಲಿ ತೋಡುವ ಕೆಲಸವನ್ನು ಹೀನವೆಂದು ನಿರಾಕರಿಸಲಿಲ್ಲವೆಂಬುದನ್ನು ಗಮನಿಸಬೇಕು. ಹೀನವಾಗಿದ್ದುದು ತೋಡುವುದಲ್ಲ, ತಾನು ನೆರಳಲ್ಲಿ ನಿಂತು ಪರರನ್ನು ಬಲಾತ್ಕಾರದಿಂದ ತೋಡಿಸುವುದು. ಒಳ್ಳೆಯ ಉದ್ದೇಶದಿಂದ ಮಾಡಿಸಿದ ಮಾತ್ರಕ್ಕೆ ಬಿಟ್ಟಿಯು ಪುಣ್ಯವಾಗುವುದಿಲ್ಲ. ನಮ್ಮ ಸಂವಿಧಾನದ 23 ನೆಯ ಅನುಚ್ಛೇದವು ಬಿಟ್ಟಿ ಚಾಕರಿಯನ್ನು ನಿಷೇಧಿಸಿದ್ದು ತೀರ ಈಚೆಗೆ. ಶತಮಾನಗಳ ಹಿಂದೆ ಆ ಅರಸನ ಕೈಗೆ ಬಂದ ಗುದ್ದಲಿಯು ಅದೇ ಮಾತನ್ನು ಹೇಳಿತ್ತು.

ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ನಮ್ಮ ಅಗ್ರಹಾರಗಳ ಚರಂಡಿಗಳನ್ನು, ಗುಡಿಗೆ ಹೋಗುವ ದಾರಿಗಳನ್ನು, ಹೊಳೆಯ ಮೆಟ್ಟಿಲುಗಳನ್ನು ತಲೆತಲಾಂತರದಿಂದ ಯಾರೋ ದುಡಿದು ಸರಿಯಾಗಿ ಇಟ್ಟಿದ್ದರು. ಅವರನ್ನು ಯಾರೂ ಸ್ವಯಂಸೇವಕರೆಂದು ಕರೆಯಲಿಲ್ಲ, ಅವರಿಗೆ ಹಾರ ಹಾಕಲಿಲ್ಲ. ಅನೇಕ ಕಡೆಗಳಲ್ಲಿ ಅವರು ಸರಿಪಡಿಸಿದ ದಾರಿಯ ಕೊನೆಯವರೆಗೆ ಅವರಿಗೇ ಪ್ರವೇಶವಿರಲಿಲ್ಲ. ಇಂದು ನಮ್ಮ ಹುಡುಗನೊಬ್ಬನು ಒಂದು ದಿನ ಸಲಿಕೆ ಹಿಡಿದರೆ ಅದು ವಾರ್ತೆಯಾಗುತ್ತದೆ. ಹಾಗಾದರೆ ನಾವು ಮಾಡಬೇಕಾದ ಮೊದಲನೆಯ ಕೆಲಸವೆಂದರೆ, ಈ ಸೇವೆಯನ್ನು ನಾವು ಹೊಸದಾಗಿ ಕಂಡುಹಿಡಿದೆವೆಂಬ ಭ್ರಮೆಯನ್ನು ಬಿಡುವುದು. ಶ್ರೀವ್ಯಾಸರಾಜರ ಹೆಸರನ್ನು ಹೊತ್ತ ವ್ಯಾಸಸಮುದ್ರದ ಐತಿಹ್ಯವು ನಮ್ಮೆಲ್ಲರಿಗೂ ಗೊತ್ತು. ನೀರಿನ ದಾರಿಗೆ ಅಡ್ಡವಾಗಿದ್ದ ಬಂಡೆಯನ್ನು ಯಾರೂ ಸರಿಸಲಾರದೆ ಹೋದಾಗ, ಪಂಡಿತರ ನಗೆಗೆ ಗುರಿಯಾಗಿದ್ದ ಕನಕದಾಸರು ಕೋಣನ ಮಂತ್ರದ ಬಲದಿಂದ ಅದನ್ನು ಸರಿಸಿದರಂತೆ. ಆ ತೂಬಿಗೆ ಕನಕನ ಹೆಸರೇ ನಿಂತಿತು. ಲೋಕೋಪಕಾರದ ಕಲ್ಲು ಯಾರ ಭಕ್ತಿಗೆ ಅಲುಗುತ್ತದೆಯೋ ಅವನೇ ಅಲ್ಲಿ ಹಿರಿಯನು ಎಂಬುದು ಆ ಕಥೆಯ ಸಾರ.

ಎರಡನೆಯ ಪೂರ್ವಪಕ್ಷ ಹೀಗಿದೆ. ಈ ವರ್ಷ ಮಾಡಿದ ದಾರಿಯು ಬರುವ ವರ್ಷದ ಮಳೆಗೆ ಮತ್ತೆ ಕೊಚ್ಚಿಹೋಗುತ್ತದೆ. ಶಾಶ್ವತವಲ್ಲದ ಕೆಲಸಕ್ಕೆ ಇಷ್ಟೊಂದು ಶ್ರಮವೇಕೆ? ದಿನವೂ ಅಂಗಳ ಸಾರಿಸಿ ರಂಗವಲ್ಲಿ ಇಡುವ ನಮ್ಮ ತಾಯಂದಿರನ್ನು ಈ ಪ್ರಶ್ನೆ ಕೇಳಿದರೆ ಅವರು ನಗುವರು. ನಿನ್ನೆ ಸಂಧ್ಯಾವಂದನೆ ಮಾಡಿದೆನಾದ್ದರಿಂದ ಇಂದು ಬೇಡವೆಂದು ಯಾರೂ ಹೇಳುವುದಿಲ್ಲ. ದೇವರಿಗೆ ನಿನ್ನೆ ಏರಿಸಿದ ಹೂವನ್ನು ನಿರ್ಮಾಲ್ಯವೆಂದು ತೆಗೆದು ಇಂದು ಹೊಸದನ್ನು ಏರಿಸುತ್ತೇವೆ. ಫಲ ಬಂದ ಮೇಲೆ ಮುಗಿಯುವುದು ಕಾಮ್ಯಕರ್ಮ. ಮುಗಿಯದೆ ಇರುವುದೇ ನಿತ್ಯಕರ್ಮದ ಲಕ್ಷಣ. ದಾರಿಯ ಸೇವೆಯು ನಿತ್ಯಕರ್ಮದ ಜಾತಿಗೆ ಸೇರಿದುದು. ಅಮೆರಿಕ ದೇಶದ ಪೂರ್ವಭಾಗದಲ್ಲಿ ಅಪಲಾಚಿಯನ್ ಎಂಬ ಬೆಟ್ಟಸಾಲಿನ ಮೇಲೆ 14 ರಾಜ್ಯಗಳನ್ನು ಹಾದುಹೋಗುವ ಸುಮಾರು 3,500 ಕಿಲೋಮೀಟರ್ ಉದ್ದದ ಕಾಲುದಾರಿಯೊಂದಿದೆ. 1921 ರಲ್ಲಿ ಬೆಂಟನ್ ಮೆಕೇ ಎಂಬವರು ಅದರ ಕಲ್ಪನೆಯನ್ನು ಮುಂದಿಟ್ಟರು. 1937 ರಲ್ಲಿ ಅದು ಮೊದಲಿನಿಂದ ಕೊನೆಯವರೆಗೆ ಕೂಡಿತು. ಕೂಡಿದ ಮೇಲೆ ಕೆಲಸ ಮುಗಿಯಲಿಲ್ಲ. ಅಂದಿನಿಂದ ಇಂದಿನವರೆಗೂ ಊರೂರಿನ ಸಂಘಗಳ ಸ್ವಯಂಸೇವಕರು ತಮಗೆ ಹಂಚಿಕೊಂಡ ಒಂದೊಂದು ಭಾಗವನ್ನು ವರ್ಷ ವರ್ಷವೂ ಹೋಗಿ ಸರಿಪಡಿಸುತ್ತಾರೆ. ಬಿದ್ದ ಮರವನ್ನು ಸರಿಸುತ್ತಾರೆ, ನೀರಿನ ಕಾಲುವೆಯನ್ನು ಬಿಡಿಸುತ್ತಾರೆ. ತಂದೆ ಮಾಡಿದ ಭಾಗವನ್ನು ಮಗ ಮಾಡುತ್ತಾನೆ. ವೇದ, ಮಂತ್ರಗಳನ್ನು ಅರಿಯದ ಆ ಜನರು ನಿತ್ಯಕರ್ಮದ ತತ್ತ್ವವನ್ನು ಅನುಷ್ಠಾನದಲ್ಲಿ ಅರಿತಿದ್ದಾರೆ.

ಇನ್ನು ಈ ಕೆಲಸವನ್ನು ಮಾಡುವ ಕ್ರಮದಲ್ಲಿಯೂ ಒಂದು ಉಪದೇಶವಿದೆ. ರಾಷ್ಟ್ರೀಯ ಸೇವಾ ಯೋಜನೆಯು ಗಾಂಧೀಶತಮಾನೋತ್ಸವದ ವರ್ಷವಾದ 1969 ರಲ್ಲಿ ಆರಂಭವಾಯಿತು. ಅಂದಿನಿಂದ ಅದರ ಶಿಬಿರಗಳಲ್ಲಿ ದಾರಿ ದುರಸ್ತಿಯು ಪದ್ಧತಿಯಾಗಿ ನಡೆದು ಬಂದಿದೆ. ನಾನು ಬಿ.ಎ. ಓದುತ್ತಿದ್ದಾಗ ಅಂಥ ಏಳು ದಿನಗಳ ಶಿಬಿರವೊಂದರಲ್ಲಿ, ನಾವು ಕೆಸರಿನ ಗುಂಡಿಗೆ ಮಣ್ಣು ತುಂಬಲು ಬುಟ್ಟಿಗಳನ್ನು ಹಂಚಿಕೊಳ್ಳುತ್ತಿರುವಾಗಲೇ ಆ ಊರಿನ ವೃದ್ಧ ರೈತರೊಬ್ಬರು ತಡೆದು ಹೇಳಿದ ಮಾತು ಇಂದಿಗೂ ನೆನಪಿದೆ: “ತಮ್ಮಗಳಿರಾ, ಮೊದ್ಲು ನೀರಿಗೆ ದಾರಿ ಮಾಡಿಕೊಡ್ರಿ, ಆಮ್ಯಾಲೆ ಮನುಷ್ಯಾರಿಗೆ ದಾರಿ ತಾನಾ ಆಗ್ತತಿ.” ಅಂದು ನಾವು ಮೊದಲ ಎರಡು ದಿನ ಬುಟ್ಟಿಯನ್ನು ಮುಟ್ಟದೆ ದಾರಿಯ ಮೇಲ್ಬದಿಯಲ್ಲಿ ಕಾಲುವೆಯನ್ನೇ ತೆಗೆದೆವು.

ನಾನು ಪಾಠಶಾಲೆಯಲ್ಲಿ ಕಲಿತ ಕಾರಣಕಾರ್ಯ ವಿಚಾರವು ಆ ಮಾತಿನಲ್ಲಿ ಅಡಗಿತ್ತು. ಕೆಸರಿಗೆ ಕಾರಣ ಮಣ್ಣಲ್ಲ, ಹೋಗಲು ದಾರಿ ಕಾಣದೆ ನಿಂತ ನೀರು. ನಿಂತ ನೀರಿಗೆ ಇನ್ನಷ್ಟು ಮಣ್ಣು ಸುರಿದರೆ ಇನ್ನಷ್ಟು ಕೆಸರಾಗುತ್ತದೆ. ಆದುದರಿಂದ ಬಲ್ಲವರು ಮೊದಲು ನೀರು ಎಲ್ಲಿಂದ ಬರುತ್ತದೆಂದು ನೋಡುತ್ತಾರೆ. ಮೇಲ್ಬದಿಯಲ್ಲಿ ಬಸಿಗಾಲುವೆ ತೆಗೆಯುತ್ತಾರೆ. ದಾರಿಯನ್ನು ಇಳಿಜಾರಿನ ಕಡೆಗೆ ತುಸುವೇ ಓರೆಯಾಗಿಸಿ ನೀರು ಅಡ್ಡಲಾಗಿ ಹರಿದುಹೋಗುವಂತೆ ಮಾಡುತ್ತಾರೆ. ಗುಡ್ಡದ ದಾರಿಯಾದರೆ ಅಲ್ಲಲ್ಲಿ ಕಲ್ಲುಗಳನ್ನು ಓರೆಯಾಗಿ ಹೂತು, ದಾರಿಗುಂಟ ಓಡುವ ನೀರನ್ನು ಹೊರಕ್ಕೆ ತಿರುಗಿಸುತ್ತಾರೆ. ಇದೆಲ್ಲ ಆದ ಮೇಲೆಯೇ ಗರಸು ಹಾಕಿ ದಮ್ಮಸು ಮಾಡುವುದು. ಮನುಷ್ಯರ ವ್ಯವಹಾರದಲ್ಲಿಯೂ ಹೀಗೆಯೇ ಅಲ್ಲವೇ? ಮನೆಗಳಲ್ಲಿ, ಬಂಧುಗಳಲ್ಲಿ, ಊರುಗಳಲ್ಲಿ ಮನಸ್ತಾಪವು ಮಡುಗಟ್ಟಿದಾಗ ನಾವು ಮೇಲೆ ಮೇಲೆ ಮಾತಿನ ಮಣ್ಣು ಸುರಿಯುತ್ತೇವೆ. ಒಳಗೆ ನಿಂತ ನೀರಿಗೆ ಹೊರದಾರಿ ಮಾಡುವುದಿಲ್ಲ.

ಮೂರನೆಯದಾಗಿ ವಿಚಾರಿಸಬೇಕಾದುದು ಸುಧಾರಣೆಯ ಮೇರೆ. ದುರಸ್ತಿ ಬೇರೆ, ಸುಧಾರಣೆ ಬೇರೆ. ದಾರಿಯನ್ನು ನಡೆಯುವಂತೆ ಮಾಡುವುದು ದುರಸ್ತಿ. ಉತ್ಸಾಹವು ಅಲ್ಲಿಗೇ ನಿಲ್ಲದೆ, ಅಗಲ ಮಾಡೋಣ, ಸಿಮೆಂಟು ಹಾಕೋಣ, ವಾಹನ ಬರುವಂತೆ ಮಾಡೋಣ ಎಂದು ಮುಂದುವರಿದರೆ, ಯಾವ ದಾರಿಯನ್ನು ಕಾಪಾಡಲು ಹೊರಟೆವೋ ಅದೇ ಇಲ್ಲವಾದೀತು. ನಮ್ಮ ನೆರೆಯ ಹಂಪಿಯನ್ನೇ ನೋಡಿರಿ. ಶ್ರೀವಿರೂಪಾಕ್ಷನ ರಥಬೀದಿಯ ಕೊನೆಯಿಂದ ಚಕ್ರತೀರ್ಥದ ಕೋದಂಡರಾಮ, ಯಂತ್ರೋದ್ಧಾರಕ ಪ್ರಾಣದೇವರು, ವರಾಹದೇವಾಲಯಗಳನ್ನು ಹಾದು ವಿಜಯವಿಠ್ಠಲನ ಗುಡಿಯವರೆಗೆ ಹೊಳೆಯ ದಂಡೆಗುಂಟ ಹೋಗುವ ಕಾಲುದಾರಿಯು ನಮ್ಮ ಕುಟುಂಬಗಳವರೆಲ್ಲ ಮಕ್ಕಳ ಕೈಹಿಡಿದು ನಡೆದ ದಾರಿ. ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗಲೆಲ್ಲ ಅಲ್ಲಿಯ ಪುರಂದರಮಂಟಪವು ಮುಳುಗುತ್ತದೆ. ಆದರೂ ಆ ದಾರಿಯು ದಾರಿಯಾಗಿಯೇ ಉಳಿದಿರುವುದು ಅದರ ಕಲ್ಲು, ಬಂಡೆ, ತಿರುವುಗಳನ್ನು ಹಾಗೆಯೇ ಬಿಟ್ಟಿರುವುದರಿಂದ.

1986 ರಲ್ಲಿ ವಿಶ್ವಪರಂಪರೆಯ ತಾಣವೆಂದು ಮನ್ನಣೆ ಪಡೆದ ಹಂಪಿಯು 1999 ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿತು. ಕಾರಣ ಯಾವ ಶತ್ರುವಿನ ದಾಳಿಯೂ ಅಲ್ಲ, ಆನೆಗೊಂದಿಗೆ ಸುಲಭವಾಗಿ ಹೋಗಲೆಂದು ಕಟ್ಟತೊಡಗಿದ ಸೇತುವೆಯ ಕೆಲಸ. 2006 ರಲ್ಲಿ ಹಂಪಿಯು ಆ ಪಟ್ಟಿಯಿಂದ ಹೊರಬಂದಿತು. 2009 ರ ಜನವರಿಯಲ್ಲಿ ಆ ಸೇತುವೆಯು ಕಟ್ಟುತ್ತಿರುವಾಗಲೇ ಕುಸಿದು ಕೆಲಸಗಾರರು ಪ್ರಾಣ ಕಳೆದುಕೊಂಡರು. ಮುಂದೆ ತುಸು ದೂರದ ಕಡೆಬಾಗಿಲು ಬಳಿ ಸೇತುವೆಯಾಯಿತು. ಹೊಳೆ ದಾಟುವ ಜನರ ಕಷ್ಟವು ನಿಜವಾದುದೇ. ಸೇತುವೆ ಬೇಡವೆಂದು ದಡದಲ್ಲಿ ನಿಂತ ಪ್ರವಾಸಿಯು ಹೇಳಬಾರದು. ಆದರೆ ಒಳ್ಳೆಯ ಉದ್ದೇಶವೊಂದೇ ಸಾಲದು, ಎಲ್ಲಿ, ಎಷ್ಟು, ಹೇಗೆ ಎಂಬ ವಿವೇಕವೂ ಬೇಕೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇರೆ ಬೇಡ. ಪುರಾತನ ಕ್ಷೇತ್ರಗಳಲ್ಲಿ ಪುರಾತತ್ತ್ವ ಇಲಾಖೆಯ, ಅಡವಿಗಳಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಂದು ಕಲ್ಲನ್ನೂ ಕದಲಿಸಬಾರದು. ಸುಬ್ರಹ್ಮಣ್ಯ ಕ್ಷೇತ್ರದಿಂದ ಕುಮಾರಪರ್ವತಕ್ಕೆ ಹತ್ತುವ ದಾರಿಯಲ್ಲಿ 2024 ರ ಜನವರಿಯಲ್ಲಿ ಒಮ್ಮೆಗೇ ಸಾವಿರಾರು ಜನ ನುಗ್ಗಿದ್ದರಿಂದ ಚಾರಣವನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ದಾರಿಗೂ ಒಂದು ತಾಳಿಕೆಯುಂಟು. ಕೆಲವೊಮ್ಮೆ ನಡೆಯದೆ ಇರುವುದೂ ದಾರಿಯ ಸೇವೆಯೇ.

ಕಡೆಯದಾಗಿ ಕರ್ತೃತ್ವದ ಪ್ರಶ್ನೆ. ದಾರಿಯ ಕೆಲಸವಾದ ಮೇಲೆ ಅಲ್ಲಿ ಒಂದು ಫಲಕವನ್ನು ನಿಲ್ಲಿಸಿ ಹೆಸರು ಬರೆಸುವ ಆಸೆಯು ಎಲ್ಲರಿಗೂ ಬರುತ್ತದೆ. ಜೀವನು ಕೇವಲ ಕಲ್ಲಿನಂತೆ ಜಡನಲ್ಲ, ಅವನಿಗೆ ಕರ್ತೃತ್ವವುಂಟು. ಆದರೆ ಅದು ಪರಾಧೀನ ಎಂಬುದು ನಮ್ಮ ಸಿದ್ಧಾಂತ. ಇದನ್ನು ಗ್ರಂಥದಲ್ಲಿ ಓದುವುದು ಸುಲಭ, ನಂಬುವುದು ಕಷ್ಟ. ದಾರಿಯ ಕೆಲಸ ಮಾಡಿದವನಿಗೆ ಇದು ಕಣ್ಣಿಗೇ ಕಾಣುತ್ತದೆ. ಗುದ್ದಲಿಯನ್ನು ಕಮ್ಮಾರನು ಮಾಡಿದನು. ಗರಸನ್ನು ಗುಡ್ಡವು ಕೊಟ್ಟಿತು. ಕಾಲುವೆಯ ಜಾಡನ್ನು ರೈತನು ತೋರಿಸಿದನು. ಕೈಯಲ್ಲಿ ಬಲವನ್ನು ಇಟ್ಟವನು ಮತ್ತೊಬ್ಬನು. ಇಷ್ಟರ ಮೇಲೆ, ಒಂದು ಮಳೆಯು ಬಂದು ಎಲ್ಲವನ್ನೂ ಅಳಿಸಬಲ್ಲದು. ಹೀಗಿರುವಾಗ ನಾನು ಮಾಡಿದೆನೆಂದು ಹೇಳಲು ಉಳಿಯುವುದೆಷ್ಟು? ಉಳಿಯುವುದು ನನ್ನ ಪಾಲಿನ ಶ್ರಮವೊಂದೇ. ಅದನ್ನೂ ಕೃಷ್ಣಾರ್ಪಣವೆಂದು ಬಿಟ್ಟವನಿಗೆ ಬೆನ್ನುನೋವಿನಷ್ಟೇ ಸುಲಭವಾಗಿ ಹೆಮ್ಮೆಯೂ ಇಳಿದುಹೋಗುತ್ತದೆ.

2019 ರ ಜುಲೈ ತಿಂಗಳಿನಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ನಿಧಿಯ ಆಸೆಯ ದುಷ್ಕರ್ಮಿಗಳು ಶ್ರೀವ್ಯಾಸರಾಜರ ಮೂಲವೃಂದಾವನವನ್ನು ಕೆಡವಿದ ಸುದ್ದಿಯನ್ನು ಕೇಳಿ ನಾವೆಲ್ಲ ತಲ್ಲಣಿಸಿದೆವು. ಆದರೆ ಮೂರು ದಿನಗಳು ಕಳೆಯುವ ಮೊದಲೇ, ಬೇರೆ ಬೇರೆ ಮಠಗಳ ಯತಿಗಳ ಸಮಕ್ಷಮದಲ್ಲಿ, ಬೇರೆ ಬೇರೆ ಊರುಗಳಿಂದ ಹೊಳೆ ದಾಟಿ ಬಂದ ಭಕ್ತರ ಕೈಗಳಿಂದ ಅದು ಮತ್ತೆ ಎದ್ದು ನಿಂತಿತು. ಅಂದು ಯಾವ ಕಲ್ಲನ್ನು ಯಾರು ಹೊತ್ತರೆಂದು ಯಾರೂ ಲೆಕ್ಕವಿಡಲಿಲ್ಲ. ಆ ದಿನದ ಮನೋಭಾವವು ನಮಗೆ ಆಪತ್ತಿನಲ್ಲಿ ಮಾತ್ರವೇ ಬರಬೇಕೇ? ವರ್ಷಕ್ಕೊಂದು ದಿನ, ಮಳೆಗಾಲದ ಮುಂಚೆ, ಗುಡಿಯ ದಾರಿಗಾಗಿ ಬರಬಾರದೇ?

ಆದುದರಿಂದ ವಾಚಕರಲ್ಲಿ ಒಂದೆರಡು ವಿನಂತಿಗಳು. ಆರಾಧನೆಗೆ, ರಥೋತ್ಸವಕ್ಕೆ ಹಂದರ ಹಾಕಿಸುವ ಸಿದ್ಧತೆಯಲ್ಲಿ ದಾರಿಯನ್ನೂ ಸೇರಿಸಿಕೊಳ್ಳೋಣ. ಉತ್ಸವದ ಹಿಂದಿನ ದಿನ ಗಡಿಬಿಡಿಯಲ್ಲಿ ಮಣ್ಣು ಚೆಲ್ಲದೆ, ಜ್ಯೇಷ್ಠಮಾಸದಲ್ಲಿಯೇ ನೀರಿನ ಕಾಲುವೆಯನ್ನು ಬಿಡಿಸೋಣ. ಹೊಲದ ಅಂಚಿನ ದಾರಿಯಾದರೆ ಹೊಲದವರ ಮನೆಗೆ ಹೋಗಿ ಕೇಳೋಣ. ಅವರ ಬದುವಿಗೆ ನೀರು ನುಗ್ಗದಂತೆ ನೋಡಿಕೊಳ್ಳೋಣ. ಕೂಲಿಯಿಂದ ಬದುಕುವವರನ್ನು ಸೇವೆಯ ಹೆಸರಿನಲ್ಲಿ ಪುಕ್ಕಟೆ ದುಡಿಸದೆ, ಅವರಿಗೆ ಕೂಲಿಯನ್ನು ಕೊಟ್ಟು, ಅವರ ಪಕ್ಕದಲ್ಲಿ ನಾವೂ ನಿಂತು ದುಡಿಯೋಣ. ಮಧ್ಯಾಹ್ನ ಒಂದೇ ಅಡಿಗೆಯನ್ನು ಉಣ್ಣೋಣ. ಮಕ್ಕಳನ್ನು ಕರೆದೊಯ್ಯೋಣ. ಶ್ಲೋಕವನ್ನು ಬಾಯಿಪಾಠ ಮಾಡಿದ ಮಗುವು ಒಂದು ಕಲ್ಲನ್ನು ಸರಿಯಾದ ಜಾಗದಲ್ಲಿ ಇಡುವುದನ್ನೂ ಕಲಿಯಲಿ. ಶಕ್ತಿಯಿಲ್ಲದ ವೃದ್ಧರು ಮಜ್ಜಿಗೆ ಪಾನಕಗಳನ್ನು ಕಳುಹಿಸಿದರೆ ಸಾಕು. ಅವರ ಕಾಲುಗಳಿಗಾಗಿಯೇ ಅಲ್ಲವೇ ಈ ದಾರಿ? ಇದಾವುದೂ ಸಾಧ್ಯವಾಗದವನು, ಕೆಸರು ಎದುರಾದಾಗ ಪಕ್ಕದ ಹಸಿರನ್ನು ತುಳಿಯದೆ ನಡುವೆಯೇ ನಡೆದು, ಗುಡಿಯ ಬಾವಿಕಟ್ಟೆಯಲ್ಲಿ ಕಾಲು ತೊಳೆದುಕೊಳ್ಳಲಿ. ಅಷ್ಟೂ ಸೇವೆಯೇ.

ದೇವಋಣ, ಋಷಿಋಣ, ಪಿತೃಋಣಗಳನ್ನು ತೀರಿಸುವ ಬಗೆಯನ್ನು ನಮ್ಮ ಹಿರಿಯರು ನಮಗೆ ಕಲಿಸಿದ್ದಾರೆ. ಹೆಸರಿಲ್ಲದ ದಾರಿಹೋಕರ ಋಣವನ್ನು ತೀರಿಸುವ ಬಗೆಯು ಇದು. ಕೊಟ್ಟವರಾರೆಂದು ತಿಳಿಯದ ಸಾಲವನ್ನು ಪಡೆಯುವವರಾರೆಂದು ಕೇಳದೆ ತೀರಿಸುವುದರಲ್ಲಿ ಒಂದು ವಿಶೇಷ ನೆಮ್ಮದಿಯಿದೆ.

ಶ್ರೀಕೃಷ್ಣಾರ್ಪಣಮಸ್ತು.